ಕುಂಡದ ಮಾಸ್ತರರು

ಕೃಷ್ಣೆ ತೆಲಂಗಾಣವನ್ನು ಹೊಕ್ಕು ಭೀಮೆಯನ್ನು ಕೂಡಿಕೊಂಡು ಜುರಾಲಾ ಅಣೆಕಟ್ಟಿನತ್ತ ಸಾಗುವ ಸೀಮೆಯಲ್ಲಿ, ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ತೆಲುಗನ್ನೂ ಜಗಳದಲ್ಲಿ ಎರಡನ್ನೂ ಬಳಸುವ ಜನರ ನಡುವೆ, ಚಳಿಗಾಲ ಬಂದೊಡನೆ ಎದ್ದು ಕಾಣುವ ಒಂದು ವರ್ಗವುಂಟು. ಇದರ ಸದಸ್ಯರಲ್ಲಿ ನಿವೃತ್ತ ಗಣಿತ ಶಿಕ್ಷಕರೇ ಹೆಚ್ಚಾದ್ದರಿಂದ ಅವರನ್ನು ಕುಂಡದ ಮಾಸ್ತರರೆಂದು ಕರೆಯುವುದು ಅನುಕೂಲ. ನಾರಾಯಣಪೇಟೆಯ ಮಾರುಕಟ್ಟೆಗೆ ತೊಗರಿ ಬರುವ ದಿನಗಳಲ್ಲಿ ಊರೆಲ್ಲ ಕ್ವಿಂಟಲಿನ ದರ ಕುರಿತು ಮಾತಾಡುತ್ತಿದ್ದರೆ, ಮಾಸ್ತರರು ಮಾತ್ರ ತಮ್ಮ ಮಾಳಿಗೆಯ ಮೇಲಿನ ಸೇವಂತಿಗೆಯ ವ್ಯಾಸ ಕುರಿತು ಮಾತಾಡುತ್ತಾರೆ.

ಸೇವಂತಿಗೆ ಅಲ್ಪದಿನ ಸಸ್ಯ, ಅಂದರೆ ಹಗಲು ಕುಗ್ಗಿ ರಾತ್ರಿ ಒಂದು ಮಿತಿಯನ್ನು ಮೀರಿ ಬೆಳೆದಾಗ ಮಾತ್ರ ಮೊಗ್ಗು ಕಟ್ಟುವ ಗಿಡ. ರಾತ್ರಿಯಲ್ಲಿ ಬೆಳಕು ಬೀಳುತ್ತಿದ್ದರೆ ಅದು, ಸಾಹೇಬರು ರಜೆಯಲ್ಲಿರುವ ಕಚೇರಿಯ ಕಡತದಂತೆ, ತನ್ನ ಕೆಲಸವನ್ನು ಮುಂದೂಡುತ್ತ ಹೋಗುತ್ತದೆ. ಈ ಶಾಸ್ತ್ರವನ್ನು ಅರಿತಂದಿನಿಂದ ಬೀದಿದೀಪವೇ ಮಾಸ್ತರರ ಪರಮ ವೈರಿಯಾಗಿದ್ದು, ದೀಪ ಹಾಕಿಸಬೇಕೆಂದು ಓಣಿಯವರೆಲ್ಲ ಸೇರಿ ಕೊಟ್ಟ ಅರ್ಜಿಯ ಬೆನ್ನಿಗೇ ಅದನ್ನು ತೆಗೆಸಬೇಕೆಂದು ಅವರೊಬ್ಬರೇ ಅರ್ಜಿ ಕೊಡುತ್ತಾರೆ. ಅದು ಫಲಿಸದಾಗ ಸಂಜೆ ಐದಕ್ಕೆ ಕುಂಡಗಳಿಗೆ ಕರಿಬಟ್ಟೆ ಹೊದಿಸಿ ಬೆಳಿಗ್ಗೆ ಏಳಕ್ಕೆ ತೆಗೆಯುತ್ತಾರೆ. ಇದು ಪುಷ್ಪಕೃಷಿಯಲ್ಲಿ ಒಪ್ಪಿತವಾದ ಕ್ರಮವೇ ಆದರೂ, ಮಬ್ಬಿನಲ್ಲಿ ಸಾಲಾಗಿ ನಿಂತ ಕರಿ ಮುಸುಕುಗಳನ್ನು ಕಂಡ ಓಣಿಯ ಮಕ್ಕಳು ಆ ಮಾಳಿಗೆಗೆ ಬಿದ್ದ ಚೆಂಡನ್ನು ಕೇಳಲು ಬರುವುದಿಲ್ಲ.

ಪ್ರದರ್ಶನದ ಹೂ ದೊಡ್ಡದಾಗಬೇಕಾದರೆ ಕೊಂಬೆಯ ತುದಿಯ ಒಂದೇ ಮೊಗ್ಗನ್ನು ಉಳಿಸಿ, ಪಕ್ಕದವನ್ನೆಲ್ಲ ಚಿವುಟಿ, ಗಿಡದ ಆಹಾರವನ್ನು ಆ ಒಂದಕ್ಕೇ ಹರಿಸಬೇಕು. ಮನೆಯವರ ಗಣಿತ ಬೇರೆ. “ಚಿವುಟಿ ಒಗದದ್ದು ಅರಳಿದ್ರ ನಾಕು ಮಾಲಿ ಆಗ್ತಿತ್ತು, ದೇವರ ಮಾರಿ ನೋಡ್ಯರ ಬಿಡ್ರಿ” ಎಂದು ಅವರು ಕೇಳಿದರೆ, “ದೇವರು ಅಂಕ ಕೊಡಂಗಿಲ್ಲ” ಎಂಬುದು ಮಾಸ್ತರರ ಸಿದ್ಧ ಉತ್ತರ.

ಅಂಕಗಳ ಈ ಗೀಳಿಗೆ ಮೂಲ ಬೆಂಗಳೂರು. ಗಣರಾಜ್ಯೋತ್ಸವದ ಹೊತ್ತಿಗೆ ಲಾಲ್‌ಬಾಗಿನಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಅವರು ರಾಯಚೂರಿನಲ್ಲಿ ರೈಲು ಹತ್ತಿ ಹೋಗುತ್ತಾರೆ. 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆಯೊಳಗಿನ ಹೂವಿನ ಕಟ್ಟಡವನ್ನು ನೋಡಲು ಜನ ನೂಕಾಡುತ್ತಿದ್ದರೆ, ಇವರು ಬಹುಮಾನದ ಚೀಟಿಗಳನ್ನು ಓದುತ್ತ ನಿಂತಿರುತ್ತಾರೆ. ಇಕೆಬಾನ ಎಂಬ ಜಪಾನಿ ಪುಷ್ಪವಿನ್ಯಾಸದ ಪರಿಚಯವಾದದ್ದೂ ಅಲ್ಲಿಯೇ. 1927ರಲ್ಲಿ ಸೋಫು ತೆಶಿಗಹರ ಸ್ಥಾಪಿಸಿದ ಸೊಗೆತ್ಸು ಪಂಥದಲ್ಲಿ ಶಿನ್, ಸೋಯೆ, ಹಿಕಾಯೆ ಎಂಬ ಮೂರು ಮುಖ್ಯ ಕಡ್ಡಿಗಳಿದ್ದು, ಮೂಲಪಾಠದಲ್ಲಿ ಶಿನ್ನಿನ ಉದ್ದ ಪಾತ್ರೆಯ ಅಗಲ ಮತ್ತು ಆಳದ ಮೊತ್ತದ ಒಂದೂವರೆ ಪಟ್ಟು, ಸೋಯೆ ಅದರ ಮುಕ್ಕಾಲು. ಸೌಂದರ್ಯವನ್ನು ಕೋನಮಾಪಕದಿಂದ ಬಿಡಿಸಬಹುದೆಂದು ತಿಳಿದ ಗಣಿತ ಶಿಕ್ಷಕನ ಆನಂದವನ್ನು ಊಹಿಸಬಹುದು. ಊರಿಗೆ ಮರಳಿ ಜೋಳದ ದಂಟನ್ನು ಶಿನ್ನಾಗಿಯೂ ಕುಸುಬೆಯ ಮುಳ್ಳುಕೊಂಬೆಯನ್ನು ಸೋಯೆಯಾಗಿಯೂ ಒಡೆದ ಹತ್ತಿಕಾಯಿಯನ್ನು ಹಿಕಾಯೆಯಾಗಿಯೂ ನೆಟ್ಟು ಪಡಸಾಲೆಯಲ್ಲಿಟ್ಟಾಗ, ಹಾಲು ಹಾಕಲು ಬಂದವನು ಬಹಳ ಹೊತ್ತು ನೋಡಿ, “ಎಮ್ಮಿ ಕಟ್ಟೋ ವಿಚಾರ ಐತೇನ್ರಿ ಮಾಸ್ತರ್ರ?” ಎಂದು ವಿನಯದಿಂದ ಕೇಳುತ್ತಾನೆ.

ಈ ವರ್ಗದಲ್ಲಿ ಸ್ಥಳಭೇದಗಳೂ ಇವೆ. ಗದ್ವಾಲದ ಪ್ರಭೇದವು, ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನೂ ಸೆರಗನ್ನೂ ಜೋಡಿಸಿ ನೇಯುವ ಅಲ್ಲಿಯ ಸೀರೆಯನ್ನು ವಿನ್ಯಾಸದ ಹಿಂದೆ ಪರದೆಯಾಗಿ ಇಳಿಬಿಡುತ್ತದೆ. ಬಂದವರು ಸೀರೆಯ ಬೆಲೆ ಕೇಳಿಕೊಂಡು ಹೋಗುತ್ತಾರೆ. ಮಕ್ತಲದ ಪ್ರಭೇದಕ್ಕೆ ಬೋನ್ಸಾಯ್, ಅಂದರೆ ಕುಂಡದಲ್ಲಿ ಕುಬ್ಜವಾಗಿ ಬೆಳೆಸಿದ ಮರ, ಪ್ರಿಯ. ಮಹಬೂಬ್‌ನಗರದ ಬಳಿಯ ಪಿಲ್ಲಲಮರ್ರಿ ಎಂಬ ಮಹಾ ಆಲಕ್ಕೆ ಗೆದ್ದಲು ಹಿಡಿದಾಗ, 2018ರಲ್ಲಿ ಸಲೈನ್ ಬಾಟಲಿಗಳನ್ನು ತೂಗುಹಾಕಿ ಕೀಟನಾಶಕವನ್ನು ಹನಿಹನಿಯಾಗಿ ಇಳಿಸಿದ ಸುದ್ದಿಯನ್ನು ಓದಿದ ಮೇಲೆ, ಇಲ್ಲಿ ಒಂದಡಿಯ ಆಲವೂ ಬಾಟಲಿಯ ಕೆಳಗೆ ಮಲಗಿದೆ.

ಮಾಸ್ತರರ ಶಾಸ್ತ್ರಕ್ಕೆ ಸಿಗದ ಪುಷ್ಪವಿನ್ಯಾಸವೊಂದು ಅವರ ಓಣಿಯಲ್ಲೇ ಇದೆಯೆಂಬುದು ಅವರ ಗುಪ್ತ ಸಂಕಟ. ಭಾದ್ರಪದದ ಅಮಾವಾಸ್ಯೆಯಿಂದ ಒಂಬತ್ತು ದಿನ ನಡೆದು, 2014ರಲ್ಲಿ ತೆಲಂಗಾಣದ ರಾಜ್ಯಹಬ್ಬವೆನಿಸಿದ ಬತುಕಮ್ಮದಲ್ಲಿ ಹೆಂಗಸರು ತಂಗಡಿ, ಗುನುಗು, ಚೆಂಡುಹೂಗಳನ್ನು ತಟ್ಟೆಯಲ್ಲಿ ಸುತ್ತುಸುತ್ತಾಗಿ ಗೋಪುರದಂತೆ ಪೇರಿಸಿ, ತುದಿಗೆ ಅರಿಸಿನದ ಗೌರಮ್ಮನನ್ನು ಇಟ್ಟು, ಸುತ್ತಲೂ ಚಪ್ಪಾಳೆ ತಟ್ಟಿ ಹಾಡಿ, ಕೆರೆಗೆ ಬಿಡುತ್ತಾರೆ. ಅಳತೆಯಿಲ್ಲದೆ ಕಟ್ಟಿದ್ದು ಉರುಳುವುದಿಲ್ಲ. ತೀರ್ಪಿಗೆ ಕಾಯದೆ ನೀರಿಗೆ ಹೋಗುತ್ತದೆ. ಆದ್ದರಿಂದಲೇ ಅದು ವಿನ್ಯಾಸವಲ್ಲವೆಂದು ಸಾರುವ ಮಾಸ್ತರರು, ಪ್ರತಿವರ್ಷ ಟೇಪು ಹಿಡಿದು ಅದರ ಎತ್ತರ ಮತ್ತು ಬುಡದ ಅನುಪಾತವನ್ನು ಬರೆದುಕೊಳ್ಳುತ್ತಾರೆ. “ಗೌರಮ್ಮಗ ಜಂಪರ ಹೊಲಸ್ತೀರೇನ್ರಿ, ಮಾಸ್ತರ್ರ?” ಎಂಬ ಪ್ರಶ್ನೆ ಹೆಂಗಸರ ಗುಂಪಿನಿಂದ ಬಂದರೂ ಅವರ ಲೇಖನಿ ನಿಲ್ಲುವುದಿಲ್ಲ.

ಇಷ್ಟೆಲ್ಲ ಪಹರೆಯಲ್ಲಿ ಬೆಳೆದ ಹೂ ಲಾಲ್‌ಬಾಗಿನ ದಿನಾಂಕಕ್ಕೆ ಕಾಯದೆ ಸಂಕ್ರಾಂತಿಗೇ ಅರಳಿಬಿಡುತ್ತದೆ. ಮಾಸ್ತರರು ಏಳುವಷ್ಟರಲ್ಲಿ ಮನೆಯವರು ಅದನ್ನು ಕೊಯ್ದು, ಅಂಗಳದ ರಂಗೋಲಿಯ ನಡುವಿನ ಗೊಬ್ಬೆಮ್ಮನ, ಅಂದರೆ ಸಗಣಿಯ ಉಂಡೆಯ, ನೆತ್ತಿಗೆ ಸಿಕ್ಕಿಸಿರುತ್ತಾರೆ. ಮಾಸ್ತರರು ಕೂಗಾಡುವುದಿಲ್ಲ. ಕೋನಮಾಪಕ ತಂದು ಕುಕ್ಕರಗಾಲಲ್ಲಿ ಕುಳಿತು, ಹೂ ಶಿನ್ನಿಗೆ ವಿಧಿಸಿದ ಹದಿನೈದು ಡಿಗ್ರಿಯಷ್ಟೇ ವಾಲಿರುವುದನ್ನು ಎರಡು ಸಲ ಅಳೆದು, ಪುಸ್ತಕದಲ್ಲಿ ದ್ವಿತೀಯ ಬಹುಮಾನವೆಂದು ದಾಖಲಿಸುತ್ತಾರೆ. ಈ ವರ್ಗದವರು ಸ್ವಂತ ಮನೆಯವರಿಗೆ ಪ್ರಥಮ ಬಹುಮಾನ ಕೊಟ್ಟ ನಿದರ್ಶನ ಇದುವರೆಗೆ ದೊರೆತಿಲ್ಲ.