ಸೋಮವಾರದ ಸರ್ವಜ್ಞ

ಅಮೆರಿಕದ ಕ್ರೀಡಾಭಿಮಾನಿಗಳಲ್ಲಿ ‘ಸೋಮವಾರ ಬೆಳಗಿನ ಕ್ವಾರ್ಟರ್‌ಬ್ಯಾಕ್’ ಎಂದು ಹೆಸರಾದ ಒಂದು ವರ್ಗವಿದೆ. ಚೆಂಡನ್ನು ಕೈಯಲ್ಲೇ ಹಿಡಿದು ಓಡುವ, ಆದರೂ ಫುಟ್‌ಬಾಲ್ ಎಂದೇ ಕರೆಸಿಕೊಳ್ಳುವ ಅಲ್ಲಿನ ಆಟದಲ್ಲಿ, ಚೆಂಡನ್ನು ಯಾರಿಗೆ ಎಸೆಯಬೇಕೆಂದು ಕ್ಷಣಾರ್ಧದಲ್ಲಿ ತೀರ್ಮಾನಿಸುವ ಆಟಗಾರನೇ ಕ್ವಾರ್ಟರ್‌ಬ್ಯಾಕ್. ವೃತ್ತಿಪರ ಪಂದ್ಯಗಳು ಬಹುಪಾಲು ಭಾನುವಾರ ನಡೆಯುವುದರಿಂದ, ಆ ತೀರ್ಮಾನವನ್ನು ಮರುದಿನ ಕಾಫಿ ಕುಡಿಯುತ್ತ ತಿದ್ದುವವನಿಗೆ ಈ ಬಿರುದು ಸಂದಿದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಆದರೆ ಆ ವಿದ್ಯೆ ಶಾಸ್ತ್ರವಾಗಿ ಬೆಳೆದಿರುವುದನ್ನು ಕಾಣಬೇಕಾದರೆ ವಿಸ್ಕಾನ್ಸಿನ್ ರಾಜ್ಯದ ಅಭಿಮಾನಿಯನ್ನೇ ಅಭ್ಯಸಿಸಬೇಕು.

ಈತನ ಅಧಿಕಾರವಾಣಿಗೆ ಕಾನೂನಿನ ಆಧಾರವೂ ಉಂಟು. ಅಲ್ಲಿನ ಗ್ರೀನ್ ಬೇ ಪ್ಯಾಕರ್ಸ್ ತಂಡಕ್ಕೆ ಕುಬೇರನಂಥ ಒಬ್ಬ ಮಾಲೀಕನಿಲ್ಲ. ಅದರ ಷೇರುಗಳು 5 ಲಕ್ಷಕ್ಕೂ ಹೆಚ್ಚು ಜನರಲ್ಲಿ ಹಂಚಿಹೋಗಿವೆ. 2021ರ ಕೊನೆಯಲ್ಲಿ 300 ಡಾಲರಿಗೆ ಒಂದರಂತೆ ಮಾರಾಟವಾದ ಈ ಷೇರಿಗೆ ಲಾಭಾಂಶವಿಲ್ಲ, ಬೆಲೆ ಏರುವುದಿಲ್ಲ, ಪೇಟೆಯಲ್ಲಿ ಮಾರುವಂತೆಯೂ ಇಲ್ಲ. ಇಂಥ ಪತ್ರಕ್ಕೆ ಗಾಜಿನ ಚೌಕಟ್ಟು ಹಾಕಿಸಿ ಟಿವಿಯ ಮೇಲ್ಭಾಗದಲ್ಲಿ ತೂಗುಹಾಕಿದ ಗಳಿಗೆಯಿಂದ ಈತ ತರಬೇತುದಾರನನ್ನು ತನ್ನ ಮನೆಯ ಕಾರಕೂನನಂತೆ ವಿಚಾರಿಸಿಕೊಳ್ಳತೊಡಗುತ್ತಾನೆ.

ಈತನ ವಿಮರ್ಶಾ ಪದ್ಧತಿಗೆ 2021ರ ಜನವರಿಯ ಪಂದ್ಯವೊಂದು ಉತ್ತಮ ನಿದರ್ಶನ. ಸೂಪರ್ ಬೌಲ್ ಎಂಬ ಅಂತಿಮ ಪಂದ್ಯಕ್ಕೆ ಒಂದೇ ಮೆಟ್ಟಿಲು ಬಾಕಿಯಿದ್ದಾಗ, ಪ್ಯಾಕರ್ಸ್ ತಂಡ ಟ್ಯಾಂಪಾ ಬೇ ಎದುರು 31–23ರಿಂದ ಹಿಂದಿತ್ತು. ಉಳಿದಿದ್ದುದು ಎರಡು ನಿಮಿಷಗಳ ಆಚೀಚೆ. ಚೆಂಡು ಗುರಿಗೆರೆಗೆ 8 ಗಜ ದೂರದಲ್ಲಿತ್ತು, ‘ಡೌನ್’ ಎನ್ನಲಾಗುವ ನಾಲ್ಕು ಯತ್ನಗಳಲ್ಲಿ ಮೂರು ವ್ಯರ್ಥವಾಗಿದ್ದವು. ಚೆಂಡನ್ನು ಗೆರೆ ದಾಟಿಸಿ 6 ಅಂಕಗಳ ‘ಟಚ್‌ಡೌನ್’ ಪಡೆದು, ಮೇಲೆ 2 ಅಂಕಗಳ ಹೆಚ್ಚುವರಿ ಯತ್ನದಲ್ಲೂ ಗೆದ್ದರೆ ಪಂದ್ಯ ಸಮವಾಗುತ್ತಿತ್ತು. ತರಬೇತುದಾರ ಮ್ಯಾಟ್ ಲಾಫ್ಲೂರ್ ಅದರ ಬದಲು ಕಂಬಗಳ ನಡುವೆ ಚೆಂಡನ್ನು ಒದೆಸಿ 3 ಅಂಕಗಳ ‘ಫೀಲ್ಡ್ ಗೋಲ್’ಗೆ ತೃಪ್ತಿಪಟ್ಟರು. ಚೆಂಡು ಮತ್ತೆ ಕೈಗೆ ಬರಲೇ ಇಲ್ಲ. ಪಂದ್ಯ 31–26ಕ್ಕೆ ಮುಗಿಯಿತು.

ಸೋಮವಾರ ಕಚೇರಿಯ ಊಟದ ಮೇಜಿನ ಮೇಲೆ ಈ ಪಂದ್ಯ ಮತ್ತೊಮ್ಮೆ ನಡೆಯಿತು. ಸಕ್ಕರೆ ಪೊಟ್ಟಣಗಳು ಟ್ಯಾಂಪಾ ಬೇ, ಕಾಗದದ ಲೋಟಗಳು ಪ್ಯಾಕರ್ಸ್, ಉಪ್ಪಿನ ಡಬ್ಬಿ ಕ್ವಾರ್ಟರ್‌ಬ್ಯಾಕ್ ಏರನ್ ರಾಡ್ಜರ್ಸ್. ಉಪ್ಪಿನ ಡಬ್ಬಿ ನಾಲ್ಕನೆಯ ಯತ್ನದಲ್ಲಿ ಸಲೀಸಾಗಿ ಗೆರೆ ದಾಟಿತು, ಏಕೆಂದರೆ ಸಕ್ಕರೆ ಪೊಟ್ಟಣಗಳು ಜಾಗ ಬಿಟ್ಟು ಕದಲಲಿಲ್ಲ. ಲಾಫ್ಲೂರ್ ಧೈರ್ಯಮಾಡಿ ಆ ಯತ್ನಕ್ಕೆ ಕೈಹಾಕಿ ಸೋತಿದ್ದರೆ, ಇದೇ ಡಬ್ಬಿ ಇದೇ ಮೇಜಿನ ಮೇಲೆ ಫೀಲ್ಡ್ ಗೋಲ್ ಒದೆಯುತ್ತಿತ್ತೆಂಬುದರಲ್ಲಿ ಸಹೋದ್ಯೋಗಿಗಳಿಗೆ ಸಂಶಯವಿರಲಿಲ್ಲ.

ಫುಟ್‌ಬಾಲ್ ಋತು ಫೆಬ್ರವರಿಯಲ್ಲಿ ಮುಗಿದರೆ ಈತನೇನೂ ನಿರುದ್ಯೋಗಿಯಾಗುವುದಿಲ್ಲ. ನವೆಂಬರಿನಿಂದಲೇ ನಡೆದಿರುವ ಕಾಲೇಜು ಬ್ಯಾಸ್ಕೆಟ್‌ಬಾಲ್ ಆಗ ಕಾವೇರಿರುತ್ತದೆ. ಇಲ್ಲಿ ಈತನ ನೆನಪಿನ ಶಕ್ತಿಯೂ ಮರೆವಿನ ಶಕ್ತಿಯೂ ಸಮಪ್ರಮಾಣದಲ್ಲಿ ಪ್ರಕಟವಾಗುತ್ತವೆ. 2015ರ ಏಪ್ರಿಲ್ 6ರಂದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತಂಡ ಅಂತಿಮ ಪಂದ್ಯದಲ್ಲಿ ಡ್ಯೂಕ್ ತಂಡಕ್ಕೆ 68–63ರಿಂದ ಸೋತಿತು. ಕೊನೆಯ ಹಂತದಲ್ಲಿ ಅಂಕಣದ ಹೊರಗೆ ಹೋದ ಚೆಂಡೊಂದು ಡ್ಯೂಕ್ ಆಟಗಾರನ ಬೆರಳ ತುದಿಗೆ ಸೋಕಿತ್ತೇ ಎಂಬ ಪ್ರಶ್ನೆ ಎದ್ದು, ತೀರ್ಪುಗಾರರು ವಿಡಿಯೊ ನೋಡಿಯೂ ಚೆಂಡನ್ನು ಡ್ಯೂಕ್‌ಗೇ ಕೊಟ್ಟರು. ಆ ಬೆರಳು ಈತನಿಗೆ ಇಂದಿಗೂ ‘ಇತ್ತೀಚಿನ’ ವಿದ್ಯಮಾನ. ಅದಕ್ಕೆ ಎರಡೇ ದಿನ ಮುಂಚೆ, 38 ಪಂದ್ಯಗಳಲ್ಲಿ ಒಂದನ್ನೂ ಸೋಲದ ಕೆಂಟಕಿಯನ್ನು ಇದೇ ವಿಸ್ಕಾನ್ಸಿನ್ 71–64ರಿಂದ ಮಣಿಸಿದಾಗ, ನಿಗದಿತ ಸೆಕೆಂಡುಗಳೊಳಗೆ ಬುಟ್ಟಿಗೆ ಎಸೆಯಲೇಬೇಕೆಂದು ಎಣಿಸುವ ‘ಷಾಟ್ ಕ್ಲಾಕ್’ ಸೊನ್ನೆ ಮುಟ್ಟಿದ ಮೇಲೂ ಎಸೆದ ಚೆಂಡಿಗೆ ವಿಸ್ಕಾನ್ಸಿನ್‌ಗೆ 2 ಅಂಕ ದಕ್ಕಿತ್ತು. ಈ ಪ್ರಸಂಗವನ್ನು ಯಾರಾದರೂ ಎತ್ತಿದರೆ, ತೀರ್ಪುಗಾರರೂ ಮನುಷ್ಯರೇ ಎಂಬ ಔದಾರ್ಯ ಈತನಲ್ಲಿ ಉಕ್ಕಿಬರುತ್ತದೆ.

ಸರ್ವಜ್ಞತ್ವಕ್ಕೆ ವರ್ಷಕ್ಕೊಮ್ಮೆ ಲಿಖಿತ ಪರೀಕ್ಷೆಯೂ ಇದೆ. ಮಾರ್ಚ್ ತಿಂಗಳ ರಾಷ್ಟ್ರೀಯ ಪಂದ್ಯಾವಳಿಯಲ್ಲಿ 68 ಕಾಲೇಜು ತಂಡಗಳು ಸೆಣಸುತ್ತವೆ. ಆರಂಭಿಕ ಸುತ್ತನ್ನು ಬಿಟ್ಟು ಉಳಿದ 63 ಪಂದ್ಯಗಳ ವಿಜೇತರನ್ನು ಮೊದಲೇ ಊಹಿಸಿ ತುಂಬುವ ಪಟ್ಟಿಗೆ ‘ಬ್ರ್ಯಾಕೆಟ್’ ಎಂದು ಹೆಸರು. ಹೀಗೆ ತುಂಬಬಹುದಾದ ವಿಧಗಳ ಸಂಖ್ಯೆ 9ರ ಮುಂದೆ 18 ಸೊನ್ನೆ ಇಟ್ಟರೂ ಮುಗಿಯದಷ್ಟು. 2018ರಲ್ಲಿ ತನ್ನ ವಿಭಾಗದ 16ನೆಯ, ಎಂದರೆ ಕೊನೆಯ ಶ್ರೇಯಾಂಕದ ಯುಎಂಬಿಸಿ ತಂಡ ಮೊದಲ ಶ್ರೇಯಾಂಕದ ವರ್ಜೀನಿಯಾವನ್ನು 74–54ರಿಂದ ಕೆಡವಿದ ರಾತ್ರಿ ಈತನ ಪಟ್ಟಿಯೂ ದೇಶದ ಬಹುತೇಕ ಪಟ್ಟಿಗಳೊಂದಿಗೆ ಕಸದಬುಟ್ಟಿ ಸೇರಿತು. ಮರುದಿನ ಬೆಳಿಗ್ಗೆ ವರ್ಜೀನಿಯಾದ ನಿಧಾನಗತಿಯ ಆಟ ಒಂದಲ್ಲ ಒಂದು ದಿನ ಹೀಗೇ ಕೈಕೊಡುವುದು ತನಗೆ ಮೊದಲೇ ತಿಳಿದಿತ್ತೆಂದು ಈತ ಸಾರಿದ. ತಿಳಿದಿದ್ದೂ ಅದೇ ತಂಡವನ್ನು ಚಾಂಪಿಯನ್ ಎಂದು ಏಕೆ ಬರೆದೆ ಎಂದು ಕೇಳುವ ಅವಿವೇಕವನ್ನು ಯಾರೂ ತೋರಲಿಲ್ಲ. ಅದೇ ವರ್ಜೀನಿಯಾ 2019ರಲ್ಲಿ ಪ್ರಶಸ್ತಿ ಗೆದ್ದಾಗ, ಅದೂ ಈತನಿಗೆ ತಿಳಿದಿದ್ದ ಸಂಗತಿಯೇ ಆಗಿತ್ತು.

ಹಾಗೆಂದು ಈತನ ಜ್ಞಾನವನ್ನು ಹುಸಿಯೆಂದು ತಳ್ಳಿಹಾಕುವಂತಿಲ್ಲ. ನಿಯಮಗಳು, ಅಂಕಗಳು, ಆಟಗಾರರ ಗಾಯಗಳ ಚರಿತ್ರೆ ಎಲ್ಲವೂ ಈತನಿಗೆ ಕರತಲಾಮಲಕ. ವೃತ್ತಿಪರ ಫುಟ್‌ಬಾಲಿನಲ್ಲಿ ಒಂದು ಆಟ ಮುಗಿದು ಮುಂದಿನದನ್ನು ಆರಂಭಿಸಲು ತಂಡಕ್ಕೆ ಸಿಗುವ ಕಾಲಾವಕಾಶ 40 ಸೆಕೆಂಡು ಮಾತ್ರ. ಈತನಿಗೆ ಇಡೀ ವಾರವಿದೆ, ಮೇಲಾಗಿ ಫಲಿತಾಂಶವೂ ಕೈಯಲ್ಲಿದೆ. ಇಷ್ಟು ಅನುಕೂಲವಿದ್ದರೆ ಲಾಫ್ಲೂರ್ ಕೂಡ ಒಂದು ಪಂದ್ಯವನ್ನೂ ಸೋಲುತ್ತಿರಲಿಲ್ಲ.