ಹರಪ್ಪ ಶೋಧನೆಯಲ್ಲಿ ಗುತ್ತಿಗೆದಾರ ಮೀಮಾಂಸೆ

ಹರಪ್ಪವನ್ನು 1921ರಲ್ಲಿ ದಯಾರಾಮ ಸಾಹನಿಯವರು ಅಗೆದು ಬೆಳಕಿಗೆ ತಂದರೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಇದು ಪೂರ್ವಪಕ್ಷ. ಆ ಮರ್ಯಾದೆ ಹತ್ತೊಂಬತ್ತನೆಯ ಶತಮಾನದ ರೈಲ್ವೆ ಗುತ್ತಿಗೆದಾರನಿಗೆ ಸಲ್ಲತಕ್ಕದ್ದೆಂಬುದು ಸಿದ್ಧಾಂತ.

ಇತರರ ಯೋಗ್ಯತೆಯನ್ನು ಮೊದಲು ವಿಚಾರಿಸೋಣ. ಚಾರ್ಲ್ಸ್ ಮ್ಯಾಸನ್ ಕಂಪನಿಯ ಸೈನ್ಯ ಬಿಟ್ಟು ಓಡಿಹೋದವನು. ದಿಬ್ಬವನ್ನು ಕಂಡು, ಅಲೆಕ್ಸಾಂಡರನ ಕಾಲಕ್ಕೆ ಅದನ್ನು ಗಂಟುಹಾಕಿ 1842ರ ಪುಸ್ತಕದಲ್ಲಿ ಬರೆದ. ಜನರಲ್ ಕನಿಂಗ್‌ಹ್ಯಾಮ್ ಸಾಹೇಬರು 1853ರಲ್ಲೂ 1856ರಲ್ಲೂ ಬಂದರು. ಹ್ಯೂಯೆನ್‌ತ್ಸಾಂಗನ ಪ್ರವಾಸಕಥನ ತಲೆಯಲ್ಲಿದ್ದುದರಿಂದ ಎತ್ತ ನೋಡಿದರೂ ಅವರಿಗೆ ಬೌದ್ಧರೇ.

ಗುತ್ತಿಗೆದಾರನಿಗೆ ಇಂಥ ಪೂರ್ವಗ್ರಹಗಳಿರಲಿಲ್ಲ. ಲಾಹೋರ್–ಮುಲ್ತಾನ್ ಹಳಿಗೆ ಜಲ್ಲಿ ಬೇಕು. ಮೆಕ್ಕಲು ಮಣ್ಣಿನ ಬಯಲಲ್ಲಿ ಕಲ್ಲೆಲ್ಲಿ? ದಿಬ್ಬದಲ್ಲಿರುವುದು ಒಳ್ಳೆಯ ಸುಟ್ಟ ಇಟ್ಟಿಗೆಯೆಂದು ಅವನು ಕಂಡುಕೊಂಡ. ಇಡೀ ಶತಮಾನದಲ್ಲಿ ಹರಪ್ಪದ ಬಗ್ಗೆ ಯಾರಾದರೂ ತಲುಪಿದ ತಪ್ಪಿಲ್ಲದ ನಿರ್ಣಯ ಇದೊಂದೇ. ಸುಮಾರು 100 ಮೈಲಿ ಹಳಿಯಡಿ ಹರಪ್ಪ ಹಾಸಿಹೋಯಿತು. ನಾಲ್ಕು ಸಾವಿರ ವರ್ಷ ಮೀರಿದ ಇಟ್ಟಿಗೆಯ ಗಟ್ಟಿತನವನ್ನು ಎಂಜಿನ್ ಹತ್ತಿಸಿ ಪರೀಕ್ಷಿಸಿದ ಪ್ರಯೋಗಶಾಲೆ ಜಗತ್ತಿನಲ್ಲಿ ಬೇರೆಲ್ಲಿದೆ? (ಇಂದಿನ ಗುತ್ತಿಗೆದಾರರ ಇಟ್ಟಿಗೆಯನ್ನು ಈ ಪರೀಕ್ಷೆಗೆ ಒಡ್ಡಬಾರದಾಗಿ ವಿನಂತಿ.)

1872–73ರಲ್ಲಿ ಸಾಹೇಬರು ಗುದ್ದಲಿ ಹಿಡಿಸಿಕೊಂಡು ಮತ್ತೆ ಬಂದಾಗ ಹಿಂದೆ ಕಂಡ ಗೋಡೆಗಳೇ ಇಲ್ಲ. ಗುತ್ತಿಗೆದಾರರು ಎಲ್ಲವನ್ನೂ ಬಳಿದೊಯ್ದಿದ್ದಾರೆ, ಉಳಿಸಿಕೊಳ್ಳುವಂಥದ್ದು ಹೆಚ್ಚೇನೂ ಸಿಗಲಿಲ್ಲವೆಂದು ಅವರೇ ವರದಿಯಲ್ಲಿ ಒಪ್ಪಿಕೊಂಡಿದ್ದಾರೆ. ಪ್ರತಿಸ್ಪರ್ಧಿಯ ಕೈಬರಹಕ್ಕಿಂತ ದೊಡ್ಡ ಪ್ರಮಾಣ ಬೇಕೆ?

ಆದರೂ 1875ರಲ್ಲಿ ಅಚ್ಚಾದ ಆ ವರದಿಯಲ್ಲಿ ಒಂದು ಮುದ್ರೆಯಿತ್ತು. ನುಣುಪಾದ ಕರಿಕಲ್ಲು, ಒಂದು ಹೋರಿ, ಆರು ಅಕ್ಷರ. ಸಾಹೇಬರ ಅನುಮಾನವಾಕ್ಯ ಹೀಗೆ: ಅಕ್ಷರ ನಮ್ಮ ಲಿಪಿಯದಲ್ಲ, ಹೋರಿಗೆ ಡುಬ್ಬವಿಲ್ಲ, ಆದ್ದರಿಂದ ಮುದ್ರೆ ಪರದೇಶದ್ದು. ಡುಬ್ಬವಿಲ್ಲದ್ದೆಲ್ಲ ಪರದೇಶದ್ದಾದರೆ ನಮ್ಮ ಹಟ್ಟಿಯ ಎಮ್ಮೆಗೂ ಪಾಸ್‌ಪೋರ್ಟ್ ಮಾಡಿಸಬೇಕಾದೀತು. ಮುದ್ರೆಯ ಪ್ರಾಣಿಯನ್ನು ಈಚಿನ ವಿದ್ವಾಂಸರು ಒಂಟಿಕೊಂಬಿನದೆನ್ನುತ್ತಾರೆ. ಅಂಥದ್ದು ಯಾವ ದೇಶದಲ್ಲೂ ಇಲ್ಲವಾದ್ದರಿಂದ, ಎಲ್ಲ ದೇಶಕ್ಕೂ ಅದು ಪರದೇಶದ್ದೇ ಎಂಬಷ್ಟರ ಮಟ್ಟಿಗೆ ಸಾಹೇಬರನ್ನು ಕ್ಷಮಿಸಬಹುದು.

ಗುತ್ತಿಗೆದಾರ ವರದಿ ಬರೆಯಲಿಲ್ಲವಲ್ಲ ಎಂಬ ಆಕ್ಷೇಪವುಂಟು. ಸಮಾಧಾನ: ಬರೆಯದ್ದರಿಂದಲೇ ಅದರಲ್ಲಿ ತಪ್ಪುಗಳಿಲ್ಲ. ಇನ್ನು, ಸಾಹನಿಯವರಿಗೆ ಅಗೆಯಲು ಇಷ್ಟಾದರೂ ಉಳಿದದ್ದು ಗುತ್ತಿಗೆದಾರನ ಔದಾರ್ಯದಿಂದ ಎಂಬುದು ನಮ್ಮ ಮತ. ಹಳಿ ಮುಲ್ತಾನಿಗೆ ಮುಗಿದದ್ದರಿಂದ ಎಂಬುದು ಮತಾಂತರ.