ತಡವಾಗಿ ಬಂದ ಸೂಜಿ

ಚಿಕ್ಕವರಿರುವಾಗಲೇ ಮುಗಿಸಿಕೊಳ್ಳಬೇಕಾದ ಕೆಲಸಗಳು ಕೆಲವಿವೆ. ಈಜು ಕಲಿಯುವುದು, ಸೈಕಲ್ಲಿನಿಂದ ಬೀಳುವುದು, ಸೀತಾಳೆ ಸಿಡುಬು ಬರಿಸಿಕೊಳ್ಳುವುದು. ವಯಸ್ಸಾದ ಮೇಲೆ ಇವಕ್ಕೆ ಕೈಹಾಕಿದರೆ ಮೈಗೂ ನೋವು, ಮಾನಕ್ಕೂ ನೋವು. ಮಗುವಿಗೆ ಬಂದರೆ ಒಂದಷ್ಟು ದಿನ ಶಾಲೆ ತಪ್ಪಿಸಿಕೊಂಡು, ಮನೆಮಂದಿಯಿಂದ ಮುದ್ದು ಮಾಡಿಸಿಕೊಂಡು, ಬೇವಿನ ನೀರು ಹಾಕಿಸಿಕೊಂಡು ಎದ್ದುಬಿಡುತ್ತದೆ. ದೊಡ್ಡವರಿಗೆ ಬಂದರೆ ಅದರ ಖದರೇ ಬೇರೆ. ಜ್ವರ ಜೋರು, ಗುಳ್ಳೆ ಹೆಚ್ಚು, ಕೆಲವರಿಗೆ ನ್ಯುಮೋನಿಯಾದವರೆಗೂ ಹೋಗುತ್ತದೆ.

ಬ್ಯಾಂಕಿನ ವರ್ಗಾವಣೆ ನನ್ನನ್ನು ಮೈಸೂರು ಕಡೆಯಿಂದ ಎತ್ತಿ ನಾಸಿಕ್ ಜಿಲ್ಲೆಯ ಸಟಾಣಾಕ್ಕೆ ತಂದು ಹಾಕಿತು. ಈರುಳ್ಳಿ, ದಾಳಿಂಬೆ, ದ್ರಾಕ್ಷಿ ಬೆಳೆಯುವ ಬಾಗಲಾಣ ಸೀಮೆ. ಊರು ಪೂಜಿಸುವುದು ಒಬ್ಬ ಸರ್ಕಾರಿ ನೌಕರರನ್ನು. ದೇವಮಾಮಲೇದಾರ ಯಶವಂತರಾವ್ ಮಹಾರಾಜರು 1870-71ರ ಬರದಲ್ಲಿ ಖಜಾನೆಯ 1,27,000 ರೂಪಾಯಿಯನ್ನು ಹಸಿದವರಿಗೆ ಹಂಚಿಬಿಟ್ಟರಂತೆ. ಮೇಲಿನವರು ತಪಾಸಣೆಗೆ ಬಂದರೆ ಖಜಾನೆ ತುಂಬಿಯೇ ಇತ್ತಂತೆ. ಆಡಿಟ್ ಹತ್ತಿರ ಬಂದಾಗಲೆಲ್ಲ ನಾನು ಅವರ ಗುಡಿಗೆ ತಪ್ಪದೆ ಹೋಗುತ್ತೇನೆ.

ಮಾಲೀಕರ ಮನೆ ಕೆಳಗೆ, ನಮ್ಮದು ಮೇಲೆ. ಅವರ ಮೊಮ್ಮಗ ಒಂದು ಸಂಜೆ ನನ್ನ ತೊಡೆಯ ಮೇಲೆ ಕೂತು, ಊರಿಂದ ಬಂದ ಚಕ್ಕುಲಿಯನ್ನು ಅರ್ಧ ತಾನು ಕಚ್ಚಿ ಅರ್ಧ ನನ್ನ ಬಾಯಿಗಿಟ್ಟ. ಮಾರನೆಯ ಬೆಳಿಗ್ಗೆ ಅವನ ಹೊಟ್ಟೆಯ ಮೇಲೆ ನೀರುಗುಳ್ಳೆ. ಈ ರೋಗ ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಅಂಟಲು ಶುರುಮಾಡುತ್ತದೆ. ಮಾಲೀಕರ ಹೆಂಡತಿಯನ್ನು ನಾವೆಲ್ಲ ಮಾವಶಿ ಅನ್ನುವುದು. ಅವರು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ವಣಿಯ ಸಪ್ತಶೃಂಗಿಗೆ ಹರಕೆ ಹೊತ್ತು, ಅದೇ ಉಸಿರಿನಲ್ಲಿ "ನೀವು ಇವತ್ತೇ ಡಾಕ್ಟರ ಹತ್ತಿರ ಹೋಗಿ" ಎಂದರು. ದೇವರನ್ನೂ ಡಾಕ್ಟರನ್ನೂ ಒಂದೇ ದಿನ ಕೆಲಸಕ್ಕೆ ಹಚ್ಚುವ ಈ ಹೆಂಗಸರ ಮುಂದೆ ನಮ್ಮ ಆಡಳಿತ ಕಚೇರಿ ಯಾವ ಲೆಕ್ಕ!

ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: ಚಿಕ್ಕಂದಿನಲ್ಲಿ ಬಂದಿತ್ತಾ? ಅಮ್ಮನಿಗೆ ಫೋನ್ ಮಾಡಿದೆ.

"ಬಂದಿತ್ತು ಕಣೋ. ನಿನಗೋ ನಿಮ್ಮಣ್ಣನಿಗೋ, ಒಬ್ಬರಿಗೆ ಬಂದಿತ್ತು."

"ಯಾರಿಗಮ್ಮ?"

"ಇಬ್ಬರೂ ಒಂದೇ ತರಹ ಅಳ್ತಿದ್ರಿ, ಹೇಗೆ ಹೇಳ್ಲಿ?"

ಅಣ್ಣ ತನ್ನ ಹುಬ್ಬಿನ ಮೇಲಿನ ಕಲೆಯನ್ನು ವಾಟ್ಸಾಪಿನಲ್ಲಿ ಕಳಿಸಿ, ರೋಗ ತನ್ನದೇ ಎಂದು ಹಕ್ಕು ಸಾಧಿಸಿದ. ಅದು ಗೋಲಿ ಏಟಿನದೆಂದು ನನ್ನ ವಾದ. ಆದರೂ ಬಿಟ್ಟುಕೊಟ್ಟೆ. ಒಮ್ಮೆ ಬಂದ ವೈರಸ್ ಮೈಬಿಟ್ಟು ಹೋಗುವುದಿಲ್ಲ; ನರದ ಬುಡದಲ್ಲಿ ಅಡಗಿ ಕೂತು, ಎಷ್ಟೋ ವರ್ಷಗಳ ಮೇಲೆ ಸರ್ಪಸುತ್ತಾಗಿ ಏಳಬಲ್ಲದು. ಇದನ್ನು ತಿಳಿಸಿದ ಮೇಲೆ ಅಣ್ಣನೂ ಗೋಲಿಯ ಕಡೆಗೇ ವಾಲತೊಡಗಿದ.

ಸಂಪರ್ಕವಾದ ಮೂರು ದಿನದೊಳಗೆ, ಹೆಚ್ಚೆಂದರೆ ಐದು ದಿನದೊಳಗೆ ಲಸಿಕೆ ಬಿದ್ದರೆ ರೋಗ ತಪ್ಪಬಹುದು, ಬಂದರೂ ಹಗುರಾಗಿ ಹೋಗಬಹುದು. ಸರ್ಕಾರದ ಉಚಿತ ಪಟ್ಟಿಯಲ್ಲಿ ಇದಿಲ್ಲ. ಕಾಸು ಕೊಟ್ಟೇ ಹಾಕಿಸಿಕೊಳ್ಳಬೇಕು. ಮಾಲೇಗಾಂವಿನಿಂದ ಐಸ್ ಡಬ್ಬಿಯಲ್ಲಿ ತರಿಸಿದರು. ಹಾಕುವುದು ಮಕ್ಕಳ ಡಾಕ್ಟರಲ್ಲಿ. ಗೋಡೆಯ ತುಂಬ ಛೋಟಾ ಭೀಮ್, ಬೆಂಚಿನ ತುಂಬ ತಾಯಂದಿರು. ನನ್ನ ಹೆಸರು ಕೂಗಿದ ನರ್ಸ್ ಎದ್ದು ನಿಂತ ನನ್ನನ್ನು ನೋಡಿ, ಆಮೇಲೆ ನನ್ನ ಹಿಂದೆ ನೋಡಿ, ಮಗು ಎಲ್ಲಿ ಎಂದಳು. ನಾನೇ ಎಂದೆ. ಬೆಂಚು ಕಿಸಕ್ಕೆಂದಿತು.

ಸೀಸೆಯ ತಳದಲ್ಲಿ ಚಿಟಿಕೆ ಪುಡಿ. ಅದಕ್ಕೆ ನೀರು ಬೆರೆಸಿ ಮೆಲ್ಲಗೆ ತಿರುಗಿಸಿದರು. ಆ ಪುಡಿಗೂ ಒಬ್ಬ ಅಪ್ಪನ ಕಥೆಯಿದೆ. ಜಪಾನಿನ ಮಿಚಿಯಾಕಿ ತಕಾಹಾಶಿ ಅಮೆರಿಕದ ಹ್ಯೂಸ್ಟನ್ನಿನಲ್ಲಿದ್ದಾಗ, 1964ರಲ್ಲಿ, ಅವರ ಪುಟ್ಟ ಮಗನಿಗೆ ಇದೇ ರೋಗ ಜೋರಾಗಿ ಬಂತು. ಊರಿಗೆ ಮರಳಿದ ಅಪ್ಪ, ಒಕಾ ಎಂಬ ಮನೆತನದ ಹುಡುಗನ ಗುಳ್ಳೆಯಿಂದ ತೆಗೆದ ವೈರಸ್ಸನ್ನು ಪಳಗಿಸಿ 1974ರ ಹೊತ್ತಿಗೆ ಲಸಿಕೆ ಮಾಡಿದರು. ಆ ತಳಿಗೆ ಇವತ್ತಿಗೂ ಒಕಾ ಎಂದೇ ಹೆಸರು.

ತೋಳು ಮಡಿಸುವಾಗ ನಮ್ಮೂರ ರಾಣಿ ನೆನಪಾದಳು. 1805ರಲ್ಲಿ ಥಾಮಸ್ ಹಿಕಿ ಬರೆದ ಚಿತ್ರದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಎಳೆಯ ರಾಣಿಯೊಬ್ಬಳು ಸೀರೆ ಸರಿಸಿ ತೋಳು ತೋರಿಸುತ್ತಾಳೆ. ಅದು ದೊಡ್ಡ ಸಿಡುಬಿನ ಲಸಿಕೆ ಹಾಕಿಸಿಕೊಂಡ ಗುರುತು, ಪ್ರಜೆಗಳ ಅಂಜಿಕೆ ಬಿಡಿಸಲು ಬರೆಸಿದ ಚಿತ್ರ ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಹೇಳುತ್ತಾರೆ. ಆಕೆಯ ಮುಖದಲ್ಲಿ ಎಂಥ ಗಾಂಭೀರ್ಯ! ನಾನು ಮಾತ್ರ ಕಣ್ಣು ಮುಚ್ಚಿಕೊಂಡೆ. ಪಕ್ಕದಲ್ಲಿದ್ದ ಹಸುಗೂಸು ನನ್ನನ್ನೇ ನೋಡುತ್ತಿತ್ತು, ಅಳಲಿಲ್ಲ.

ದೊಡ್ಡವರಿಗೆ ಎರಡು ಡೋಸು, ನಡುವೆ ನಾಲ್ಕರಿಂದ ಎಂಟು ವಾರ. ತಾರೀಖು ಬರೆದುಕೊಡಲು ನರ್ಸ್ ಮಕ್ಕಳ ಕಾರ್ಡನ್ನೇ ತೆಗೆದಳು. ಹೆಸರು, ತಾಯಿಯ ಹೆಸರು, ಹುಟ್ಟಿದಾಗಿನ ತೂಕ. ಖಾಲಿ ಬಿಡಿ ಎಂದರೆ ಒಪ್ಪಲಿಲ್ಲ. ಮತ್ತೆ ಅಮ್ಮನಿಗೆ ಫೋನ್.

"ಆರೂವರೆ ಪೌಂಡು" ಎಂದಳು ಅಮ್ಮ, ಥಟ್ಟನೆ. ನರ್ಸ್ ಬರೆದುಕೊಂಡಳು. ಆಮೇಲೆ ಫೋನಿನಲ್ಲಿ ಮತ್ತೆ ಅಮ್ಮನ ದನಿ: "ತಾಳು ತಾಳು, ಅದು ನಿಮ್ಮಣ್ಣಂದಿರಬೇಕು."